ಹಸಿದ ಕೋತಿಗಳ ಸಾಕ್ಷಿ

ಒಂದು ರಾಜ್ಯವಿತ್ತು. ಅದರ ಹೆಸರು ಕೇಳಬೇಡಿ ಮಕ್ಕಳೇ, ನೆನೆದರೆ ನನಗೇ ಸಂಕಟ. ಅಲ್ಲಿ ಗಿರಿಯವ್ವ ಎಂಬುವಳು ಅರಮನೆಯ ಔಷಧಶಾಲೆಯಲ್ಲಿ ಬೇರು ಅರೆಯುತ್ತಿದ್ದಳು. ಅವಳಿಗಿದ್ದದ್ದು ಒಬ್ಬಳೇ ಮಗಳು, ನಾಲ್ಕು ವರ್ಷದ ಹೊನ್ನಿ.

ಆ ವರ್ಷ ಊರೂರಿನ ಮಕ್ಕಳಿಗೆಲ್ಲ ಜ್ವರ ಬಂತು, ಹೊನ್ನಿಗೂ ಬಂತು. ರಾಜವೈದ್ಯ ತ್ರ್ಯಂಬಕ ಪಂಡಿತನ ಕಷಾಯ ಹೊಟ್ಟೆಗಿಳಿದರೆ ಜ್ವರ ಬಿಡುತ್ತಿತ್ತು. ಇಳಿಯಬೇಕಲ್ಲ! ಅದರ ಕಹಿಗೆ ಮಕ್ಕಳು ಉಗುಳಿಬಿಡುತ್ತಿದ್ದವು. ಕಹಿ ಕಳೆದೇ ಹಂಚಬೇಕೆಂದು ರಾಜ ಅಪ್ಪಣೆ ಮಾಡಿದ. ಪಂಡಿತ ಮೂರು ಕೋತಿಗಳನ್ನು ಹಿಡಿದು ಪಂಜರಕ್ಕೆ ಹಾಕಿದ. ಅವು ಕುಡಿದರೆ ಸಿಹಿ ಎಂದು ಮುದ್ರೆ ಒತ್ತುತ್ತಿದ್ದ.

ಮೊದಲ ದಿನ ಬೆಲ್ಲ ಬೆರೆಸಿದ. ಕೋತಿಗಳು ಕುಡಿದವು. ಹೊನ್ನಿ ಉಗುಳಿದಳು.

ಎರಡನೆಯ ದಿನ ಜೇನು ಬೆರೆಸಿದ. ಕೋತಿಗಳು ಬಟ್ಟಲನ್ನೂ ನೆಕ್ಕಿದವು. ಹೊನ್ನಿ ಉಗುಳಿದಳು.

ಗಿರಿಯವ್ವ ಪಂಡಿತನಿಗೆ ಕೈಮುಗಿದಳು. "ಬುದ್ಧೀ, ನಾನು ನೆಕ್ಕಿ ನೋಡ್ದೆ, ಬೇವಿಗಿಂತ ಕಹಿ ಐತೆ. ಒಂದು ತೊಟ್ಟು ನೀವೂ ನಾಲಿಗೆ ಮ್ಯಾಲೆ ಇಟ್ಕೊಂಡು ನೋಡ್ರಿ."

"ಕೋತಿ ಬಾಯಿ ಚಪ್ಪರಿಸಿದ ಮೇಲೆ ನನ್ನ ನಾಲಿಗೆ ಯಾಕೆ? ಅರೆಯೋಳ ನಾಲಿಗೆ ಯಾರಿಗೆ ಬೇಕು? ಹೋಗು!"

ಮೂರನೆಯ ದಿನ ದ್ರಾಕ್ಷಿರಸ ಬೆರೆಸಿದ. ಕೋತಿಗಳು ಕುಡಿದವು. ಹೊನ್ನಿಗೆ ಉಗುಳುವ ಶಕ್ತಿಯೂ ಇರಲಿಲ್ಲ. ಕಷಾಯ ಕಟಬಾಯಿಂದ ಹರಿದುಹೋಯಿತು. ಹೊತ್ತು ಇಳಿಯುವುದರೊಳಗೆ ಮಗುವೂ ಹೋಯಿತು.

ಮರುದಿನ ಗಿರಿಯವ್ವ ಮಗಳಿಗೆಂದು ಕಾಯಿಸಿದ್ದ ಗಂಜಿಯ ಗಡಿಗೆಯನ್ನೇ ಹಿಡಿದು ಕೆಲಸಕ್ಕೆ ಬಂದಳು. ಮನೆಯಲ್ಲಿ ಅದನ್ನು ನೋಡಲಾಗಲಿಲ್ಲ. ಕೋತಿಗಳು ಪಂಜರದ ಹಗ್ಗ ಅಗಿಯುತ್ತಿದ್ದವು. ಆಗ ಅವಳಿಗೆ ಹೊಳೆಯಿತು. ಕಷಾಯ ಕುಡಿಯುವವರೆಗೂ ಪಂಡಿತ ಅವಕ್ಕೆ ಒಂದು ಅಗುಳನ್ನೂ ಹಾಕುತ್ತಿರಲಿಲ್ಲ! ಅಂದು ರಾಜನೇ ಪರೀಕ್ಷೆ ನೋಡಲು ಬರುವವನಿದ್ದ. ಗಿರಿಯವ್ವ ಗಂಜಿಯನ್ನೆಲ್ಲ ಕೋತಿಗಳಿಗೆ ಸುರಿದಳು. ಹೊಟ್ಟೆ ಬಿರಿಯುವಂತೆ ಕುಡಿದವು.

ರಾಜ ಬಂದ. ಪಂಡಿತ ಬಟ್ಟಲಿಟ್ಟ. ಒಂದು ಕೋತಿ ಮೂಸಿ ಮುಖ ತಿರುಗಿಸಿತು. ಇನ್ನೊಂದು ಬೆರಳದ್ದಿ ಥೂ ಎಂದಿತು. ಮೂರನೆಯದು ಬಟ್ಟಲನ್ನೇ ಪಂಡಿತನ ಮೇಲೆ ಎಸೆಯಿತು.

"ಈಗ ನೀನು ಕುಡಿ," ಎಂದ ರಾಜ.

ಪಂಡಿತ ಒಂದು ಗುಟುಕು ಬಾಯಿಗೆ ಹಾಕಿಕೊಂಡವನೇ ಎಲ್ಲರೆದುರು ಕಾರಿಕೊಂಡ. ಗಿರಿಯವ್ವ ಮುಂದೆ ಬಂದು, ಕೋತಿಗಳನ್ನು ಉಪವಾಸ ಕೆಡವಿದ್ದನ್ನೂ ಹೊನ್ನಿ ಹೋದದ್ದನ್ನೂ ಹೇಳಿದಳು. ರಾಜ ಅವನನ್ನು ಗಡೀಪಾರು ಮಾಡಿದ, ಕೋತಿಗಳನ್ನು ಕಾಡಿಗೆ ಬಿಡಿಸಿದ.

"ಇನ್ನು ಕಹಿ ಗೊತ್ತಾಗೋದು ಹ್ಯಾಗೆ?" ಎಂದು ಗಿರಿಯವ್ವನನ್ನು ಕೇಳಿದ.

"ನಾಕು ಜನ ದೊಡ್ಡೋರು ಕೂತು, ತೊಟ್ಟು ನಾಲಿಗೆಗಿಟ್ಟು ಉಗುಳ್ಲಿ. ನಾಕೂ ಮುಖ ಕಿವುಚದಿದ್ರೆ ಮಕ್ಕಳಿಗೆ ಕೊಡ್ರಿ."

ಹಾಗೇ ಮಾಡಿದರು. ಅತಿಮಧುರದ ಸಿಹಿಬೇರು ಬೆರೆಸಿ ಬೆರೆಸಿ ಕೊನೆಗೆ ಹದ ಸಿಕ್ಕಿತು. ಮಕ್ಕಳು ಕುಡಿದು ಎದ್ದು ಕೂತರು.

"ನಿನಗೇನು ಬೇಕು, ಕೇಳವ್ವಾ," ಎಂದ ರಾಜ.

"ಈಗೇನೂ ಬ್ಯಾಡ ಬುದ್ಧೀ. ಮೊನ್ನೆ ಬೇಕಾಗಿತ್ತು."

ತಿಳೀತಾ ಮಕ್ಕಳೇ? ಹಸಿದವರು ಕುಡಿದರೆಂದು ಕಹಿಯನ್ನು ಸಿಹಿ ಅನ್ನಬಾರದು. ಇನ್ನೊಬ್ಬರಿಗೆ ಕುಡಿಸುವುದನ್ನು ಮೊದಲು ತನ್ನ ನಾಲಿಗೆಯಲ್ಲಿ ನೋಡಬೇಕು, ಅದೂ ಹೊತ್ತು ಮೀರುವ ಮೊದಲು.