ಫಕೀರಪ್ಪನ ಸೀಟಿ

ಹೊಳೆಯ ದಂಡೆಗೆ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ಅಂಥ ದೊಡ್ಡದೇನಲ್ಲ. ನಾಲ್ಕು ಹೆಂಚಿನ ಖೋಲಿ, ಒಂದು ಹುಣಸೆಮರ, ಮರದ ಕೆಳಗೆ ಒಬ್ಬ ಮುದುಕರು. ಅವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಬೇಸಿಗೆ ಬಂತೆಂದರೆ ಬೇರೆ ಗುರುಗಳು ಪ್ರವಚನ ಇಟ್ಟುಕೊಳ್ಳುತ್ತಾರೆ. ಅಜ್ಜಾರು ಶಿಬಿರ ಇಟ್ಟುಕೊಳ್ಳುತ್ತಿದ್ದರು. ಅದೂ ಮಕ್ಕಳಿಗಲ್ಲ, ದೊಡ್ಡವರಿಗೆ. ದಣಿದರೆ ಮಲಗುವುದು, ಎದ್ದರೆ ಆಡುವುದು. ಅಷ್ಟೇ ಸಾಧನೆ.

ಬಾಗಿಲಲ್ಲಿ ಒಂದು ದೊಡ್ಡ ಮಣ್ಣಿನ ಗಡಿಗೆ. ಬಂದವರು ತಮ್ಮ ಫೋನನ್ನು ಅದರೊಳಗೆ ಹಾಕಿಯೇ ಒಳಗೆ ಕಾಲಿಡಬೇಕು.

ಆ ವರ್ಷ ಎಲ್ಲರಿಗಿಂತ ಮೊದಲು ಬಂದವನು ಫಕೀರಪ್ಪ. ಬಸ್ ಕಂಡಕ್ಟರ್ ಆಗಿದ್ದವನು. ನೌಕರಿ ಬಿಟ್ಟು, ಡಿಪೋದ ಗೆಳೆಯರು ಬಿದ್ದು ಬಿದ್ದು ನಕ್ಕರೂ ಲಕ್ಷ್ಯ ಕೊಡದೆ ಬಂದು ಅಜ್ಜಾರ ಕಾಲಿಗೆರಗಿದ.

"ಅಜ್ಜಾರ, ಇಷ್ಟ ವರ್ಷ ಮಂದಿನ್ನ ಅವರವರ ಊರು ಮುಟ್ಟಿಸಿದೆ. ಇನ್ನ ನಂದು ನಾ ಮುಟ್ಟಬೇಕ್ರಿ. ದೀಕ್ಷಾ ಕೊಡ್ರಿ."

ಅಜ್ಜಾರ ದೀಕ್ಷೆ ಅಂದರೆ ಕಿವಿಯಲ್ಲಿ ಹೇಳುವ ಒಂದು ಮಾತು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗಿಲ್ಲ. ಆ ಒಂದು ಮಾತಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಿದ್ದರು.

"ಶಿಬಿರ ಮುಗೀಲಿ ತಮ್ಮಾ. ಅಲ್ಲೀತನಕ ಆಡು."

"ಆಮ್ಯಾಲ ಕೊಡ್ತೀರಿ, ಹೌದಿಲ್ರಿ?"

"ಆಡಿದ್ರ ಕೊಡ್ತೀನಿ. ಇಲ್ಲಾಂದ್ರ ನಿಮ್ಮೂರ ಬಸ್ಸು ಇಲ್ಲೇ ಕ್ರಾಸಿನಾಗ ನಿಲ್ಲತೈತಿ."

ಫಕೀರಪ್ಪ ಕ್ರಾಸಿನ ಕಡೆ ನೋಡಿದ. ಯಾವ ಮುಖ ಹೊತ್ತು ಹೊಳ್ಳಿ ಹೋಗುವುದು? ಡಿಪೋದವರು ಆಡಿಕೊಂಡು ನಗುವುದಿಲ್ಲವೇ? ಏನೇ ಆಗಲಿ ಅಜ್ಜಾರ ಮಾತು ನಡೆಸಿಯೇ ತೀರುತ್ತೇನೆ ಅಂದುಕೊಂಡ.

ಆದರೆ ಅಜ್ಜಾರು "ಆಡು" ಅಂದದ್ದು ಅವನಿಗೆ "ಆಡಿಸು" ಅಂತ ಕೇಳಿಸಿತು. ಕಂಡಕ್ಟರನ ಕಿವಿ, ಏನು ಮಾಡುತ್ತೀರಿ!

ಮರುದಿನ ಶಿಬಿರದವರು ಬಂದರು. ಫಕೀರಪ್ಪ ಬಾಗಿಲಲ್ಲೇ ನಿಂತಿದ್ದ.

"ಮುಂದ ಸರೀರಿ, ಮುಂದ ಸರೀರಿ, ಒಳಗ ಜಾಗಾ ಐತಿ! ಫೋನ್ ಗಡಿಗ್ಯಾಗ ಹಾಕ್ರಿ! ವಕೀಲ್ರ, ಇನ್ನೊಂದು ಕಿಸೇದಾಗ ಐತಲ್ಲ, ಅದನ್ನೂ ಹಾಕ್ರಿ!"

ಜಂಬಗಿ ವಕೀಲರು ಎರಡನೆಯ ಫೋನನ್ನೂ ಹಾಕಿದರು, ಕೂಸನ್ನು ಬಾಲವಾಡಿಗೆ ಬಿಡುವವರ ಹಾಗೆ ಎರಡು ಸಲ ಹಿಂತಿರುಗಿ ನೋಡಿದರು.

ಎಲ್ಲರದೂ ಮುಗಿದ ಮೇಲೆ ಅಜ್ಜಾರು ಫಕೀರಪ್ಪನ ಕಡೆ ಹೊರಳಿದರು.

"ನಿಂದು?"

"ನನ್ನ ಹತ್ರ ಫೋನ್ ಇಲ್ರಿ ಅಜ್ಜಾರ. ನೌಕರಿ ಬಿಟ್ಟ ದಿನಾನ ತಮ್ಮಗ ಕೊಟ್ಟುಬಿಟ್ಟೆ." ಅವನ ದನಿಯಲ್ಲಿ ಸ್ವಲ್ಪ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

"ಕೊರಳಾಗ ಏನದು?"

"ಸೀಟಿ ರೀ. ಬಸ್ಸಿನಾಗ ಊದೂದು."

"ಹ್ಞೂಂ," ಅಂದರು ಅಜ್ಜಾರು. ಒಳಗೆ ಹೋದರು.

ಅಲ್ಲಿಂದ ಶಿಬಿರಕ್ಕೆ ಶಿಸ್ತು ಬಂತು ನೋಡಿ!

ಬೆಳಗ್ಗೆ ಪೀಂ. ಎಲ್ಲರೂ ಏಳಬೇಕು. ಉಪ್ಪಿಟ್ಟಿಗೆ ಪೀಂ. ಹೊಳೆಗೆ ಇಳಿಯಲು ಒಂದು ಪೀಂ, ಮೇಲೆ ಬರಲು ಎರಡು. ಮಧ್ಯಾಹ್ನ ಹುಣಸೆಮರದ ಕೆಳಗೆ ಹಲ್ಲಿನ ಡಾಕ್ಟರು ಪದ್ಮಾಬಾಯಿ ಎಷ್ಟೋ ವರ್ಷದ ನಿದ್ದೆಯನ್ನು ಒಮ್ಮೆಲೇ ತೀರಿಸುತ್ತಿದ್ದಾಗ ಕಿವಿಯ ಹತ್ತಿರವೇ ಪೀಂ.

"ಏನಾತ್ರಿ?" ಆಕೆ ಗಾಬರಿಯಾಗಿ ಎದ್ದು ಕೂತಳು.

"ವಿಶ್ರಾಂತಿ ಮುಗೀತ್ರಿ ಬಾಯಾರ. ಈಗ ಲಗೋರಿ."

ಲಗೋರಿಗೆ ಫಕೀರಪ್ಪ ತಲೆ ಎಣಿಸುತ್ತಿದ್ದ. ಎರಡು ಗುಂಪು ಮಾಡಿದರೆ ದಿನಾ ಒಬ್ಬರು ಕಡಿಮೆ ಬೀಳುತ್ತಿದ್ದರು.

"ಸಮ ಆಗವಲ್ದು. ಒಬ್ರು ಹೊರಗ ಕೂಡ್ರಿ."

ದಿನಾ ಕೂಡುತ್ತಿದ್ದವಳು ಪದ್ಮಾಬಾಯಿ. ಬಾಯಿಸತ್ತ ಹೆಂಗಸು, ಬೇರೆಯವರ ಬಾಯಿ ನೋಡಿ ನೋಡಿ ತನ್ನ ಬಾಯಿ ಮರೆತಿದ್ದಳೋ ಏನೋ. ಆದರೂ ಒಂದು ದಿನ ಕೇಳಿಯೇಬಿಟ್ಟಳು.

"ಫಕೀರಪ್ಪಣ್ಣ, ನೀವೂ ಬಂದ್ರ ಸಮ ಆಕ್ಕೇತಲ್ರಿ?"

"ನಾನೇ? ನಾ ಕಂಡಕ್ಟರ್ ರೀ. ಕಂಡಕ್ಟರ್ ಪ್ಯಾಸೆಂಜರ್ ಲೆಕ್ಕಕ್ಕ ಬರೂದಿಲ್ಲ."

ಜಂಬಗಿ ವಕೀಲರು ಗಹಗಹಿಸಿ ನಕ್ಕರು. "ಹೊಳಿ ದಾಟಿದ ಹತ್ತು ಮಂದಿ ಹುಚ್ಚರು ತಮ್ಮನ್ನ ತಾವು ಬಿಟ್ಟು ಎಣಿಸಿದ ಕಥಿ ಕೇಳೀಯೇನೋ ಮಾರಾಯಾ?"

"ಅವರು ಮರತಿದ್ರು ವಕೀಲ್ರ. ನಾ ಮರತಿಲ್ಲ. ರೂಲ್ಸ್ ಹಂಗೈತಿ."

ಕಟ್ಟೆಯ ಮೇಲೆ ಕೂತು ಗೋಲಿ ಉಜ್ಜುತ್ತಿದ್ದ ಅಜ್ಜಾರು ಕಿವಿ ನಿಮಿರಿಸಿದರು.

"ಅಲ್ಲೋ ತಮ್ಮಾ, ಬಸ್ಸು ಊರು ಮುಟ್ಟಿದಾಗ ನೀನೂ ಮುಟ್ಟತಿದ್ದಿ ಹೌದಿಲ್ಲೋ?"

"ಮುಟ್ಟತಿದ್ದೆ ರೀ. ಆದ್ರ ಇಳೀತಿದ್ದಿಲ್ಲ. ಬೋರ್ಡು ಹೊಳ್ಳಿಸಿ ಮತ್ತ ಹೊಂಡೂದು."

"ಅಯ್ಯ ಶಿವನ! ದಿನಾ ಹೋಗಿ ಒಂದ ದಿನಾನೂ ಇಳೀಲಿಲ್ಲೇನು?"

ಫಕೀರಪ್ಪ ನಕ್ಕ. ಆದರೆ ಆ ರಾತ್ರಿ ಅರ್ಧ ಊಟಕ್ಕೇ ಎದ್ದುಬಿಟ್ಟ. ಎಷ್ಟು ಮದುವೆಗಳಿಗೆ ದಿಬ್ಬಣ ಇಳಿಸಿದ್ದ! ವಾದ್ಯದ ಸದ್ದು ಕಿಟಕಿಯಿಂದ ಕೇಳಿದ್ದ. ಒಂದು ಮದುವೆಯಲ್ಲೂ ಕೂತು ಬುಂದಿ ಉಂಡಿರಲಿಲ್ಲ. ನೆನೆದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅಳುವೂ ಬಂತು.

ಶಿಬಿರ ಮುಗಿಯುತ್ತ ಬಂದಿತ್ತು. ದೀಕ್ಷೆಯ ಮಾತೇ ಇಲ್ಲ. ತಡೆಯಲಾರದೆ ಕಡೆಯ ದಿನ ಬೆಳಗ್ಗೆ ಅಜ್ಜಾರ ಎದುರು ಕೈಕಟ್ಟಿ ನಿಂತ.

"ಅಜ್ಜಾರ, ನನ್ನಿಂದ ಏನರ ತಪ್ಪಾಗೇತೇನ್ರಿ?"

"ಇಲ್ಲಪಾ. ಒಂದೂ ತಪ್ಪು ಮಾಡಿಲ್ಲ."

"ಮತ್ತ?"

"ಎಲ್ಲಾರೂ ತಪ್ಪು ಮಾಡ್ಯಾರ. ಜಂಬಗಿ ಗೆರಿ ದಾಟ್ಯಾನ, ನಾ ಗೋಲಿ ಕದ್ದೀನಿ. ನೀನೊಬ್ಬನ ಒಂದೂ ಮಾಡಿಲ್ಲ. ಆಡಿದವಗ ಇದು ಹೆಂಗ ಸಾಧ್ಯ ಅಂತ ವಿಚಾರ ಮಾಡಾಕತ್ತೀನಿ."

ಫಕೀರಪ್ಪ ತಲೆ ತಗ್ಗಿಸಿದ.

"ಸಣ್ಣವ ಇದ್ದಾಗ ಓಣ್ಯಾಗ ನಾನ ಎಲ್ಲಾರಿಗಿಂತ ಸಣ್ಣವ ರೀ. ಆಡಾಕ ಹೋದ್ರ ದೊಡ್ಡ ಹುಡುಗ್ರು ಏನಂತಿದ್ರು ಗೊತ್ತೇನ್ರಿ? 'ಇವ ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತಿದ್ರು. ನಾ ಔಟಾದ್ರೂ ಔಟಲ್ಲ, ಗೆದ್ರೂ ಗೆದ್ದಂಗಲ್ಲ. ಮನಿಗೆ ಬಂದು ಅವ್ವನ ಸೆರಗು ಹಿಡದು ಅತ್ತೆ. ಅವತ್ತ ಪಣ ತೊಟ್ಟೆ. ಇನ್ನ ಮ್ಯಾಲ ಲೆಕ್ಕ ನನ್ನ ಕೈಯಾಗ ಇರಬೇಕು, ಆಟ ಹಾಳಾಗಿ ಹೋಗಲಿ ಅಂತ."

"ಹಂಗಾ?" ಅಂದರು ಅಜ್ಜಾರು. "ನಡಿ, ಇವತ್ತ ನಾನೂ ಲಗೋರಿಗೆ ಬರ್ತೀನಿ."

ಅದೇ ಕಡೆಯ ಸಂಜೆ. ಅಜ್ಜಾರು ಧೋತರ ಮೊಣಕಾಲ ಮೇಲೆ ಕಟ್ಟಿದರು. ಫಕೀರಪ್ಪ ತಲೆ ಎಣಿಸಿದ. ಅಜ್ಜಾರು ಸೇರಿದ್ದರಿಂದ ಲೆಕ್ಕ ಸಮವಾಗಬೇಕಿತ್ತು. ಆದರೆ ಬಯಲಿನಲ್ಲಿ ಮತ್ತೆ ಒಬ್ಬರು ಕಡಿಮೆ. ನೋಡಿದರೆ ಪದ್ಮಾಬಾಯಿ, ಕರೆಯುವ ಮೊದಲೇ ತಾನಾಗಿ ಹೊರಗೆ ಹೋಗಿ ಕೂತಿದ್ದಳು. ರೂಢಿಯಾಗಿಬಿಟ್ಟಿತ್ತು ಪಾಪ.

ಫಕೀರಪ್ಪ ಆಕೆಯ ಕಡೆ ಒಂದು ಹೆಜ್ಜೆ ಇಟ್ಟ. ಏನಾದರೂ ಹೇಳಬೇಕು ಅನ್ನುವುದರೊಳಗೆ ಅಜ್ಜಾರು ಕೂಗಿದರು. "ಇರ್ಲಿ, ಒಂದ ಕಡೆ ಒಬ್ರು ಕಮ್ಮಿ ಇದ್ರ ಹೊಳಿ ಬತ್ತೂದಿಲ್ಲ. ಊದು!"

ಪೀಂ.

ಅಜ್ಜಾರ ಕೈಗೆ ಚೆಂಡು ಬಂತು. ಎದುರಿಗೆ ಜಂಬಗಿ ವಕೀಲರು ಕಲ್ಲು ಜೋಡಿಸುತ್ತಿದ್ದರು, ಅಗಲ ಬೆನ್ನು, ಕುರುಡನ ಗುರಿಯೂ ತಪ್ಪದು. ಅಜ್ಜಾರು ಆ ಬೆನ್ನು ಬಿಟ್ಟು ಮೈ ತಿರುಗಿಸಿ ಬೀಸಿದರು. ಚೆಂಡು ಫಕೀರಪ್ಪನ ಬೆನ್ನಿಗೆ ಧಪ್ಪೆಂದು ಬಿತ್ತು.

"ಔಟ್!" ಅಂದರು ಅಜ್ಜಾರು.

"ಅಯ್ಯೋ! ನಾ ಆಟದಾಗ ಇಲ್ಲೇ ಇಲ್ರಿ ಅಜ್ಜಾರ!"

"ನೋವಾತೇನು?"

"ಆತ್ರಿ!"

"ಆಟದಾಗ ಇಲ್ಲದವಗ ಚೆಂಡು ಹೆಂಗ ಬಡೀತು?"

"ಆಕ್ಷೇಪಣೆ ಐತಿ!" ಅಂತ ಜಂಬಗಿ ವಕೀಲರು ಎದ್ದರು. "ಅಂಪೈರ್ ಔಟ್ ಆಗಬೇಕಂದ್ರ ಮೊದಲ ಅವ ಇನ್ ಇರಬೇಕಲ್ರಿ?"

"ಅದನ್ನ ನಾನೂ ಕೇಳಾಕತ್ತೀನಿ," ಅಂದರು ಅಜ್ಜಾರು. ವಾದ ನಡೆದಿರುವಾಗಲೇ ತಾವು ಮೆಲ್ಲಗೆ ಕಡೆ ಬದಲಿಸಿ ಕಲ್ಲಿನ ರಾಶಿಗೆ ಓಡಿದರು. ಒಂದರ ಮೇಲೊಂದು ಕಲ್ಲು ಜೋಡಿಸತೊಡಗಿದರು. ಎಂಥ ಮೋಸ!

"ಅಜ್ಜಾರ, ಇದು ಫೌಲ್ ರೀ!" ಫಕೀರಪ್ಪ ಕೂಗಿದ.

ಅಜ್ಜಾರು ಕಡೆಯ ಕಲ್ಲು ಕೈಯಲ್ಲಿ ಹಿಡಿದು ಸೊಂಟ ಕುಣಿಸಿದರು. "ರೈಟ್ ರೈಟ್, ಕಂಡಕ್ಟರ್! ಬಸ್ಸು ಹೊಂಟಿತು! ನೀ ಕೆಳಗ ಉಳದಿ!"

ಚೆಂಡು ಫಕೀರಪ್ಪನ ಕಾಲ ಬಳಿ ಬಿದ್ದಿತ್ತು.

ಆಮೇಲೆ ಏನಾಯಿತೋ ಅವನಿಗೇ ಗೊತ್ತಿಲ್ಲ. ಓಣಿಯ ದೊಡ್ಡ ಹುಡುಗರು ಕಣ್ಣಮುಂದೆ ಬಂದರೋ, ಮದುವೆಯ ವಾದ್ಯ ಕೇಳಿಸಿತೋ. ಚೆಂಡು ಎತ್ತಿದ. ಗುರುವೆನ್ನಲಿಲ್ಲ, ಹಿರಿಯರೆನ್ನಲಿಲ್ಲ, ಬೀಸಿ ಒಗೆದ.

ಅಜ್ಜಾರ ಬೆನ್ನಿಗೆ ಸರಿಯಾಗಿ ಬಿತ್ತು. ಕೈಯ ಕಲ್ಲು ಉರುಳಿತು.

ಓಡುತ್ತಿದ್ದವರೆಲ್ಲ ನಿಂತಲ್ಲೇ ನಿಂತರು. ಫಕೀರಪ್ಪನ ಮುಖದಲ್ಲಿ ರಕ್ತವಿಲ್ಲ. ಮುಗಿಯಿತು, ದೀಕ್ಷೆಯೂ ಹೋಯಿತು, ಮಾನವೂ ಹೋಯಿತು ಅಂದುಕೊಂಡ.

ಅಜ್ಜಾರು ಬೆನ್ನು ಉಜ್ಜುತ್ತ ತಿರುಗಿದರು.

"ಯಾರು ಹೊಡದವರು?"

"ನಾ... ನಾನ್ರಿ ಅಜ್ಜಾರ."

"ಭಲೇ! ನಾ ಔಟ್," ಅಂದರು ಅಜ್ಜಾರು, ಹಲ್ಲಿಲ್ಲದ ಬಾಯಿ ತುಂಬ ನಗುತ್ತ. "ಪದ್ಮವ್ವ, ಏಳು! ನನ್ನ ಜಾಗಾಕ್ಕ ಬಾ. ನಾ ಕೂಡ್ತೀನಿ."

ಪದ್ಮಾಬಾಯಿ ಸೆರಗು ಸಿಗಿಸಿ ಓಡಿಬಂದಳು. ಬಂದವಳೇ ಮೊದಲ ಏಟಿಗೆ ಜಂಬಗಿ ವಕೀಲರನ್ನು ಉರುಳಿಸಿದಳು. ಆಕೆಯ ಕೈಯಲ್ಲಿ ಅಷ್ಟು ಬಲವಿದೆ ಅಂತ ಹಲ್ಲು ಕೀಳಿಸಿಕೊಂಡವರಿಗಷ್ಟೇ ಗೊತ್ತಿದ್ದಿರಬೇಕು.

ಫಕೀರಪ್ಪನೂ ಓಡಿದ. ಓಡುವಾಗ ಸೀಟಿ ಹಾರಿ ಹಾರಿ ಹಲ್ಲಿಗೆ ಬಡಿಯುತ್ತಿತ್ತು. ಥೂ ಇದರ ಅಂತ ಕೊರಳಿಂದ ಕಿತ್ತು, ಹೊರಗೆ ಕೂತವರ ಕೈಗೆ ತುರುಕಿ, "ಇದನ್ನ ಹಿಡೀರಿ ಸ್ವಲ್ಪ" ಅಂದ. ಕೂತವರು ಯಾರೆಂದು ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಅವತ್ತು ಊಟಕ್ಕೆ ಸೀಟಿ ಆಗಲಿಲ್ಲ. ಚೆಂಡು ಕಾಣದಷ್ಟು ಕತ್ತಲಾದ ಮೇಲೆ ಮಂದಿ ತಾವಾಗಿ ಬಂದು ಆರಿದ ಜುಣಕ, ಸೆಟೆದ ರೊಟ್ಟಿ ತಿಂದರು. ಫಕೀರಪ್ಪ ಮೂರು ಸಲ ನೀಡಿಸಿಕೊಂಡ.

ಬೆಳಗಾಯಿತು. ಗಡಿಗೆಯ ಬಾಯಿ ಬಿಚ್ಚಿದರು. ಒಂದೊಂದೇ ಫೋನು ಹೊರಗೆ ಬಂದು ಕಣ್ಣು ಬಿಟ್ಟಿತು. ಟಿಣ್ ಅಂತ ಒಂದು, ಡುರ್ ಅಂತ ಇನ್ನೊಂದು. ಜಂಬಗಿ ವಕೀಲರ ಎರಡೂ ಫೋನು ಒಟ್ಟಿಗೆ ಒದರಿಕೊಂಡವು, ಅವರು ಯಾವುದಕ್ಕೆ ಉತ್ತರ ಕೊಡುವುದೆಂದು ತಿಳಿಯದೆ ನಿಂತರು.

ಫಕೀರಪ್ಪ ಬಟ್ಟೆಯ ಗಂಟು ಹಿಡಿದು ಬಂದ. ಕ್ರಾಸಿನ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸುತ್ತಿತ್ತು.

"ಅಜ್ಜಾರ, ಗುರುವಿಗೆ ಚೆಂಡು ಒಗೆದವಗ ದೀಕ್ಷಾ ಎಲ್ಲೀದು? ನಾ ಹೊಂಟೆ ರೀ. ಆದ್ರ ಖರೇ ಹೇಳ್ತೀನಿ, ನಿನ್ನೆ ಭಾಳ ಖುಷಿ ಆತು."

ಅಜ್ಜಾರು ಗಡಿಗೆಯೊಳಗೆ ಕೈಯಾಡಿಸುತ್ತಿದ್ದರು.

"ನಿನ್ನೆ ಯಾರು ಗೆದ್ರು?"

ಫಕೀರಪ್ಪ ತಲೆ ಕೆರೆದುಕೊಂಡ. "ಗೊತ್ತಿಲ್ರಿ."

"ನೀ ಯಾವ ಕಡೆ ಇದ್ದಿ?"

"ಎರಡೂ ಕಡೆ ಆಡಿದೆ ಅನಸ್ತೈತ್ರಿ."

"ಎಷ್ಟ ಮಂದಿ ಇದ್ರಿ?"

ಫಕೀರಪ್ಪ ಬಾಯಿ ತೆರೆದ. "ಅಯ್ಯ, ಎಣಿಸೂದ ಮರತೆ!"

ಅಜ್ಜಾರು ಗಡಿಗೆಯ ತಳದಿಂದ ಏನೋ ತೆಗೆದು ಎತ್ತಿ ತೋರಿಸಿದರು. ಸೀಟಿ. ಫಕೀರಪ್ಪನ ಕೈ ಕೊರಳಿಗೆ ಹೋಯಿತು. ಆಗಲೇ ಅವನಿಗೆ ಅದು ಇಲ್ಲವೆಂದು ತಿಳಿದದ್ದು.

"ಬೇಕೇನು?"

ಹಾರ್ನು ಮತ್ತೊಮ್ಮೆ ಆಯಿತು. ಫಕೀರಪ್ಪ ಸೀಟಿಯನ್ನು ನೋಡಿದ, ಅಜ್ಜಾರನ್ನು ನೋಡಿದ, ಗಂಟನ್ನು ಕೆಳಗಿಟ್ಟ.

"ಅಲ್ಲೇ ಇರ್ಲಿ ಬಿಡ್ರಿ."

ಅಜ್ಜಾರು ಅವನನ್ನು ಹತ್ತಿರ ಕರೆದರು. ತಲೆಯ ಮೇಲೆ ಕೈ ಇಟ್ಟರು. ಸುತ್ತಲೂ ಫೋನುಗಳು ಒದರುತ್ತಿದ್ದವು. ಅಜ್ಜಾರು ಬಾಗಿ ಅವನ ಕಿವಿಗೆ ಬಾಯಿ ಹಚ್ಚಿ, ಅವನೊಬ್ಬನಿಗೇ ಕೇಳುವಂತೆ ಹೇಳಿದರು:

"ಆಟಕ್ಕುಂಟು, ಲೆಕ್ಕಕ್ಕಿಲ್ಲ."