ಗೀರು ತೆಗೆದ ಉಣ್ಣೆ

ಹಳೆಯ ಕಾರೊಂದರ ಬಾನೆಟ್ಟಿನ ಅಂಚಿನಲ್ಲಿ ಗೀರು ಬಿದ್ದಿತ್ತು. ಪಾಲಿಶ್ ಮೆಷಿನ್ನು ಯಾವ ಪ್ಯಾಡು ತೊಡಲಿ ಎಂದು ಯೋಚಿಸುತ್ತಿತ್ತು.

“ಮೊದಲು ನಾನು ಮೆಲ್ಲಗೆ ಉಜ್ಜಿ ನೋಡುತ್ತೇನೆ,” ಎಂದಿತು ಸ್ಪಂಜಿನ ಪ್ಯಾಡು.

ಒರಟು ಉಣ್ಣೆಯ ಪ್ಯಾಡು ನಕ್ಕಿತು. “ನೀನು ಸವರುವಷ್ಟರಲ್ಲಿ ಕಾರಿಗೆ ತುಕ್ಕು ಹಿಡಿದೀತು, ತಮ್ಮಾ. ಮೆಷಿನ್ನಣ್ಣಾ, ನನ್ನನ್ನು ತೊಡು, ಪೂರ್ತಿ ವೇಗ ಕೊಡು!”

“ಅಂಚಿನಲ್ಲಿ ನನ್ನ ಮೈ ತೀರ ತೆಳು, ನಿಧಾನ,” ಎಂದು ಕಾರಿನ ಬಣ್ಣ ಬೇಡಿಕೊಂಡಿತು.

“ಗೀರು ಹೋಗಬೇಕೋ ಬೇಡವೋ?” ಎಂದು ಉಣ್ಣೆ ಗದರಿತು.

ಮೆಷಿನ್ನು ಉಣ್ಣೆಯನ್ನು ತೊಟ್ಟು ಭೋರ್ಗರೆಯಿತು. ಸ್ಪಂಜಿಗೆ ನೋಡಲಾಗಲಿಲ್ಲ.

ಸದ್ದು ನಿಂತಾಗ ಗೀರು ಇರಲಿಲ್ಲ. ಉಣ್ಣೆ ಆಡಿದ ಮಾತು ಉಳಿಸಿಕೊಂಡಿತ್ತು.

“ಬಾ ತಮ್ಮಾ, ಇನ್ನು ಬಣ್ಣಕ್ಕೆ ಹೊಳಪು ಕೊಡು,” ಎಂದು ಅದು ದೊಡ್ಡ ಮನಸ್ಸಿನಿಂದ ಕರೆಯಿತು.

ಸ್ಪಂಜು ವಿಧೇಯವಾಗಿ ಹೋಗಿ ನೋಡಿತು. ಅಂಚಿನುದ್ದಕ್ಕೂ ಬರಿಯ ತಗಡು ಬೆಳ್ಳಗೆ ಮಿನುಗುತ್ತಿತ್ತು.

“ಯಾವ ಬಣ್ಣಕ್ಕೆ, ಅಣ್ಣಾ?” ಎಂದು ಕೇಳಿತು.