ಮೋನಪ್ಪ ಪತ್ತಾರನ ಮೂರನೆಯ ಪಟ್ಟಿ

ನಮ್ಮೂರ ಬಾವಿಗೆ ಇನ್ನೂ ಮೆಟ್ಟಿಲು ಕಟ್ಟಿರದ ಕಾಲದಲ್ಲಿ, ಪತ್ತಾರರ ಓಣಿಯಲ್ಲಿ ಮೋನಪ್ಪ ಎಂಬ ಅಕ್ಕಸಾಲಿಗನಿದ್ದನಂತೆ. ಅವನು ಮುಟ್ಟಿದರೆ ಬಿದ್ದ ಹಲ್ಲು ಮತ್ತೆ ಹುಟ್ಟುತ್ತಿತ್ತಂತೆ. ಹಾಗಂತ ಹೇಳುತ್ತಾರೆ, ಹಾಡು ಬೇರೆ ಕಟ್ಟಿದ್ದಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮುಟ್ಟಿದರೆ ಹಲ್ಲು ಹುಟ್ಟುವುದಾದರೆ ಆ ಮನುಷ್ಯ ನಲವತ್ತು ದಿನ ಲೋಹ ಉಜ್ಜುವ ಅರ ಹಿಡಿದು ಕೂತದ್ದು ಯಾಕೆ? ನೀಲವ್ವ ಅಷ್ಟೆಲ್ಲ ನೋವು ತಿಂದದ್ದು ಯಾಕೆ? ಕೂತುಕೊಳ್ಳಿ, ನಡೆದದ್ದು ಹೇಳುತ್ತೇನೆ.

ನೀಲವ್ವ ಹೈನು ಮಾಡಿಕೊಂಡಿದ್ದ ಹೆಂಗಸು. ಹಾಲು ಹಿಂಡುವಾಗ ಎಮ್ಮೆ ಒದ್ದು ಅವಳ ಕೆಳಗಿನ ಹಲ್ಲೆಲ್ಲ ಉದುರಿದವಂತೆ. ಜೋಳದ ರೊಟ್ಟಿ ತಿಂದು ಬೆಳೆದ ಜೀವ, ಅಂಬಲಿ ಕುಡಿದು ಕುಡಿದು ಬಳೆ ಮೊಣಕೈಗೆ ಏರುವಷ್ಟು ಸೊರಗಿತು. ಆಗ ಎಲುಬು ಕಟ್ಟುವ ವೈದ್ಯನೊಬ್ಬ ಊರಿಗೆ ಬಂದ. ತುಕ್ಕು ಹಿಡಿಯದ ಲೋಹದ ನಾಲ್ಕು ಗೂಟಗಳನ್ನು ಅವಳ ದವಡೆಯ ಎಲುಬಿನಲ್ಲಿ ನೆಟ್ಟ. ಅವುಗಳ ಮೇಲೆ ಹಲ್ಲಿನ ಸಾಲಿರುವ ಲೋಹದ ಪಟ್ಟಿ ಕೂರಿಸುವ ಕೆಲಸ ಮೋನಪ್ಪನಿಗೆ ಒಪ್ಪಿಸಿ ಹೊರಟುಹೋದ. ಆರು ತಿಂಗಳಲ್ಲಿ ಎಲುಬು ನಾಲ್ಕೂ ಗೂಟಗಳನ್ನು ಬಿಗಿಯಾಗಿ ಹಿಡಿದುಕೊಂಡಿತಂತೆ.

ಮೋನಪ್ಪ ಎರಕದಲ್ಲಿ ಹೆಸರುವಾಸಿ. ಅವಳ ಬಾಯಿಯ ಅಚ್ಚು ತೆಗೆದು, ಗಾರೆಯಲ್ಲಿ ಅಂಥದ್ದೇ ದವಡೆ ಮಾಡಿಕೊಂಡ. ಮೇಣದಲ್ಲಿ ಪಟ್ಟಿ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಕಾದ ಲೋಹ ಹೊಯ್ದ. ಎರಡೇ ದಿನದ ಕೆಲಸ. ಪಟ್ಟಿ ಥಳಥಳ ಹೊಳೆಯಿತು. ಬಾಯಿಗಿಟ್ಟು ಗೂಟಕ್ಕೊಂದರಂತೆ ನಾಲ್ಕು ತಿರುಪು ಬಿಗಿದ.

ನೀಲವ್ವ ಆಗಲೇ ಹೇಳಿದಳಂತೆ, “ಎಳೀತೈತಿ ಯಣ್ಣಾ.”

“ಹೊಸದೈತಿ ತಂಗಿ, ರೂಢಿ ಆಗತೈತಿ,” ಅಂದನಂತೆ.

ತಿಂಗಳೊಳಗೆ ಒಂದು ಗೂಟ ಕಳಚಿ ಬಂತು. ಆಗ ಈ ಮಹಾನುಭಾವ ಪಟ್ಟಿ ಬಿಚ್ಚಿ ಅವಳ ಕೈಗೆ ಕೊಟ್ಟು ಏನಂದ ಗೊತ್ತೇ? ನಿನ್ನ ಎಲುಬೇ ಮೆತ್ತಗಿದೆ ಅಂದ. ಹಾಡಿನಲ್ಲಿ ಈ ಸಾಲು ಇಲ್ಲ, ಹುಡುಕಬೇಡಿ. ಊರೂ ಅದನ್ನೇ ಅಂದಿತು. ನೀರಿಗೆ ಹೋದರೆ ಎಲುಬಿಲ್ಲದವಳು ಬಂದಳು ಅಂದರು. ಅವಳ ತವರಿನವರ ಎಲುಬನ್ನೂ ಬಿಡದೆ ಆಡಿಕೊಂಡರು. ಥೂ, ಎಂಥ ಜನ.

ನೀಲವ್ವ ಅಳುತ್ತ ಕೂರಲಿಲ್ಲ. ಪಟ್ಟಿಯನ್ನೂ ಬಿದ್ದ ಗೂಟವನ್ನೂ ತಂದು ಅವನು ಲೋಹ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟಳು.

“ಆರು ತಿಂಗಳು ನಾಕೂ ಗಟ್ಟಿ ನಿಂತಿದ್ದುವು. ನಿನ್ನ ಪಟ್ಟಿ ಬಂದ ಮ್ಯಾಲೆ ಒಂದು ಬಿತ್ತು. ಇನ್ನ ಮೂರು ಅದಾವು. ಅವೂ ಹೋದ್ವಂದ್ರ ನಾ ಸಾಯೂತನಕ ಅಂಬಲೀನ ಗತಿ. ಈಗ ಹೇಳು, ತಪ್ಪು ನನ್ನ ಎಲುಬಿಂದೊ, ನಿಂದೊ?”

ಮೋನಪ್ಪ ಪಟ್ಟಿಯನ್ನು ಗಾರೆಯ ದವಡೆಯ ಮೇಲಿಟ್ಟು, ಒಂದು ತುದಿಯ ತಿರುಪು ಮಾತ್ರ ಬಿಗಿದು ನೋಡಿದನಂತೆ. ಆ ತುದಿ ಕೂತಿತು, ಈ ತುದಿ ಕೂದಲೆಳೆಯಷ್ಟು ಮೇಲೆದ್ದಿತು. ಕಾದ ಲೋಹ ಆರುವಾಗ ಕುಗ್ಗುತ್ತದೆ, ಇದು ಆ ಓಣಿಯ ಮಕ್ಕಳಿಗೂ ಗೊತ್ತು. ಬಳೆಗೆ, ಮೂರ್ತಿಗೆ ಅಷ್ಟು ಕುಗ್ಗಿದರೆ ನಡೆಯುತ್ತದೆ. ಎಲುಬು ಹಿಡಿದ ಗೂಟ ಆಚೀಚೆ ಸರಿದು ಜಾಗ ಕೊಡುವುದಿಲ್ಲ. ನಾಲ್ಕೂ ತಿರುಪು ಒತ್ತಿ ಬಿಗಿದು, ಆ ಎಳೆತವನ್ನೆಲ್ಲ ಅವಳ ದವಡೆಗೆ ಹೊರಿಸಿದ್ದ. ಮೇಲಿಂದ ಬೈದದ್ದೂ ಅವಳನ್ನೇ!

ಉಳಿದ ಮೂರು ಗೂಟಕ್ಕೆಂದು ಇನ್ನೊಂದು ಪಟ್ಟಿ ಎರೆದ. ಕುಗ್ಗಿದ್ದು ಸರಿಹೋಗಲೆಂದು ಅದನ್ನು ತುಂಡು ಮಾಡಿ, ಗಾರೆಯ ಮೇಲೆ ಜೋಡಿಸಿ ಬೆಸೆದ. ಮೊದಲಿನದಕ್ಕಿಂತ ವಾಸಿ. ಆದರೆ ಬೆಸುಗೆಯ ಬೆಂಕಿಯೂ ಸ್ವಲ್ಪ ಎಳೆದಿತ್ತು, ತುದಿಯ ಅಡಿಯಲ್ಲಿ ಬೆಳಕು ಕಾಣುತ್ತಿತ್ತು. ಅದನ್ನು ಅವಳ ಬಾಯಿಗೆ ಇಡಲೇ ಇಲ್ಲವಂತೆ.

ಮೂರನೆಯದಕ್ಕೆ ಒಲೆಯನ್ನೇ ಹೊತ್ತಿಸಲಿಲ್ಲ. ಲೋಹದ ಒಂದು ಗಟ್ಟಿಯನ್ನು ತಣ್ಣಗಿದ್ದಂತೆಯೇ ಕೊರೆದ, ಅರದಿಂದ ಉಜ್ಜಿದ, ಇಟ್ಟು ನೋಡಿದ, ಮತ್ತೆ ಉಜ್ಜಿದ. ಎರಕದವನು ಅರ ಹಿಡಿದನಲ್ಲ ಎಂದು ಓಣಿ ನಕ್ಕಿತಂತೆ. ಗಟ್ಟಿಯ ಮುಕ್ಕಾಲು ಪಾಲು ಪುಡಿಯಾಗಿ ಹೋಯಿತು. ನಲವತ್ತನೆಯ ದಿನ ಒಂದು ತುದಿ ಬಿಗಿದಾಗ ಇನ್ನೊಂದು ತುದಿ ಕದಲಲಿಲ್ಲ.

ಬಾಯಿಗಿಟ್ಟು, “ಎಳೀತೈತೇನು ತಂಗಿ?” ಎಂದು ಕೇಳಿದ. ನೀಲವ್ವ ಮನೆಗೆ ಹೋಗಿ ಖಡಕ್ ರೊಟ್ಟಿ ತಂದು, ಅವನೆದುರಿಗೇ ಕೂತು ಕಟಕಟ ಕಡಿದು ತಿಂದು ಮುಗಿಸಿದಳು. ಆಮೇಲೆ, ಎಳೆಯುವುದಿಲ್ಲ ಅಂದಳು. “ಇನ್ನ ತಪ್ಪು ಯಾರದಂತ ಊರ ಕಟ್ಟಿ ಮ್ಯಾಲೆ ಬಂದು ಹೇಳು,” ಅಂದಳು. ಅವನು ಊರ ಕಟ್ಟೆಯ ಮೇಲೆ ನಿಂತು, ಅವಳ ಎಲುಬು ಗಟ್ಟಿ, ಕೆಟ್ಟದ್ದು ನನ್ನ ಕೆಲಸ ಎಂದು ಎಲ್ಲರೆದುರು ಹೇಳಿದನಂತೆ. ಅದಕ್ಕೇ ನಾನು ಅವನಿಗೆ ಕೈ ಮುಗಿಯುವುದು. ಪವಾಡ ಅಂದುಬಿಟ್ಟರೆ ಅವನ ತಪ್ಪೂ ಮುಚ್ಚಿಹೋಯಿತು, ದುಡಿಮೆಯೂ ಮುಚ್ಚಿಹೋಯಿತು. ನೀಲವ್ವನಂತೂ ಆ ಹಾಡಿನಲ್ಲಿ ಇಲ್ಲವೇ ಇಲ್ಲ.

ಈಗಲೂ ನಮ್ಮ ಪತ್ತಾರರು ಉಂಗುರ ತೊಡಿಸಲಿ, ಸೊಂಟಕ್ಕೆ ಡಾಬು ತೊಡಿಸಲಿ, ಚೆನ್ನಾಗಿ ಕೂತಿದೆ ಎಂದು ತಾವಾಗಿ ಹೇಳುವುದಿಲ್ಲ. ಎಳೀತೈತೇನು ಎಂದು ಕೇಳಿ ಕೈಕಟ್ಟಿ ಕೂರುತ್ತಾರೆ. ತೊಟ್ಟವರು ಹೂಂ ಅಂದರೆ ಬಿಚ್ಚಿ ಮತ್ತೆ ಮಾಡುತ್ತಾರೆ. ಒಬ್ಬ ಮಾತ್ರ, ನಿನ್ನ ಬೆರಳೇ ದಪ್ಪ ಅಂದಿದ್ದನಂತೆ. ಅಂದಿನಿಂದ ಆ ಅಂಗಡಿಗೆ ನಮ್ಮೂರ ಒಬ್ಬ ಹೆಂಗಸೂ ಕಾಲಿಟ್ಟಿಲ್ಲ.